ತಪಾಸಣೆಯ ಖರ್ಚಿಗೂ ಒಂದು ಖಾತೆ ಬೇಕು: ಆರೋಗ್ಯ ವಿಮೆ ಮತ್ತು ಪುತ್ತೂರು, ಸುಳ್ಯ, ಕಡಬದ ಮನೆಗಳ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿದ್ದ ಶೇ. 18 ಜಿಎಸ್‌ಟಿ ಪೂರ್ತಿ ರದ್ದಾಗಿದೆ. ಅದೇ ತಿಂಗಳ 3ರಂದು ನಡೆದ ಜಿಎಸ್‌ಟಿ ಮಂಡಳಿಯ 56ನೇ ಸಭೆ ಈ ತೀರ್ಮಾನ ಕೈಗೊಂಡಿತು. ಒಬ್ಬರ ಹೆಸರಿನ ಪಾಲಿಸಿ, ಇಡೀ ಕುಟುಂಬಕ್ಕೆ ಒಂದೇ ಆಗಿರುವ ಫ್ಯಾಮಿಲಿ ಫ್ಲೋಟರ್, ಹಿರಿಯ ನಾಗರಿಕರ ಪಾಲಿಸಿ ಮೂರಕ್ಕೂ ಇದು ಅನ್ವಯ. ವರ್ಷಕ್ಕೆ 30,000 ರೂಪಾಯಿ ಮೂಲ ಪ್ರೀಮಿಯಂ ಕಟ್ಟುತ್ತಿದ್ದ ಮನೆ ಮೊದಲು ತೆರಿಗೆ ಸೇರಿಸಿ 35,400 ಕೊಡಬೇಕಿತ್ತು. ಈಗ 5,400 ಉಳಿಯುತ್ತದೆ. ತೆರಿಗೆ ಇಲ್ಲದ ಮೇಲೆ ಕಂಪನಿಗಳಿಗೆ ತಮ್ಮ ಖರ್ಚಿನ ಮೇಲಿನ ಜಿಎಸ್‌ಟಿ ಹಿಂಪಡೆಯುವ ಅವಕಾಶವೂ ಇಲ್ಲವಾದ್ದರಿಂದ ಮೂಲ ಪ್ರೀಮಿಯಂ ತುಸು ಏರಿದರೂ ಏರಬಹುದು. ಆದರೂ ಹೆಚ್ಚಿನ ಮನೆಗಳಿಗೆ ಒಂದಿಷ್ಟು ಹಣ ಕೈಯಲ್ಲಿ ಉಳಿಯುವುದಂತೂ ನಿಜ.

ಈ ಉಳಿದ ಹಣ ಎಲ್ಲಿ ಹೋಗುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಸಮಾಜದ ಹೆಚ್ಚಿನ ಮನೆಗಳು ವ್ಯಾಪಾರ ಅಥವಾ ಅಡಿಕೆ ತೋಟವನ್ನು ನಂಬಿದವು. ಕೆಲವರಿಗೆ ಎರಡೂ ಉಂಟು. ಇಂತಹ ಮನೆಗಳಲ್ಲಿ ವಿಮೆ ಮಾಡಿಸುವ ರೂಢಿ ಈಗ ಬಂದಿದೆ. ಆದರೆ ರೋಗ ಬರುವ ಮೊದಲೇ ಮಾಡಿಸಬೇಕಾದ ತಪಾಸಣೆಗೆ ಮಾತ್ರ ಲೆಕ್ಕದ ಪುಸ್ತಕದಲ್ಲಿ ಜಾಗವಿಲ್ಲ. ‘ವಿಮೆ ಉಂಟಲ್ಲ, ಅದರಲ್ಲಿ ಆಗ್ತದೆ’ ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಆದರೆ ತಪಾಸಣೆಯ ವಿಷಯದಲ್ಲಿ ಈ ಮಾತು ಬಹುಪಾಲು ತಪ್ಪು. ಬಿಲ್ಲು ಕೈಗೆ ಬಂದ ಮೇಲೆ ಇದು ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಿದ್ದರೆ ಒಳ್ಳೆಯದು.

ವಿಮೆ ಯಾವುದಕ್ಕೆ, ಯಾವುದಕ್ಕಲ್ಲ

ಆರೋಗ್ಯ ವಿಮೆ ಮೂಲತಃ ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಯ ಖರ್ಚಿಗೆ. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಎಲ್ಲ ಕಂಪನಿಗಳಿಗೂ ಒಂದೇ ಮಾತಿನಲ್ಲಿ ಬರೆದುಕೊಟ್ಟ ‘ಹೊರಗಿಟ್ಟ ಖರ್ಚು’ಗಳ ಪಟ್ಟಿಯೊಂದಿದೆ. ಪಾಲಿಸಿ ಪುಸ್ತಕದಲ್ಲಿ ಪ್ರತಿಯೊಂದಕ್ಕೂ ಸಂಕೇತ ಸಂಖ್ಯೆ ಇರುತ್ತದೆ. ಅದರಲ್ಲಿ 01 ಮೊದಲೇ ಇದ್ದ ಕಾಯಿಲೆ, 02 ಕೆಲವು ನಿರ್ದಿಷ್ಟ ಕಾಯಿಲೆಗಳ ಕಾಯುವ ಅವಧಿ, 03 ಮೊದಲ 30 ದಿನ. ನಾಲ್ಕನೆಯದು, ಅಂದರೆ 04, ‘ಇನ್ವೆಸ್ಟಿಗೇಶನ್ ಮತ್ತು ಇವ್ಯಾಲ್ಯುಯೇಶನ್’. ಮುಖ್ಯವಾಗಿ ಪರೀಕ್ಷೆ ಮತ್ತು ತಪಾಸಣೆಗೆಂದೇ ಆಸ್ಪತ್ರೆಗೆ ದಾಖಲಾದರೆ ಆ ಖರ್ಚು ಸಿಗುವುದಿಲ್ಲ ಎಂದು ಇದರ ಅರ್ಥ.

ಪಾಲಿಸಿ ತೆಗೆದುಕೊಳ್ಳುವಾಗ ಎಲ್ಲರೂ ಕೇಳುವುದು ಎಷ್ಟು ಲಕ್ಷ, ಯಾವ ಆಸ್ಪತ್ರೆ ಎಂದು. ಈ ನಾಲ್ಕನೇ ಸಾಲನ್ನು ಓದುವವರು ಕಡಿಮೆ. ಎಂಡೋಸ್ಕೋಪಿ, ಕೊಲೊನೋಸ್ಕೋಪಿ, ಮ್ಯಾಮೋಗ್ರಾಮ್, ಸಿ.ಟಿ. ಸ್ಕ್ಯಾನ್ ಯಾವುದೇ ಇರಲಿ, ಕೇವಲ ನೋಡುವುದಕ್ಕೆಂದು ಮಾಡಿಸಿದರೆ ಸ್ವಂತ ಜೇಬಿನಿಂದ ಕೊಡಬೇಕು. ಕೆಲವು ಪಾಲಿಸಿಗಳಲ್ಲಿ ವರ್ಷಕ್ಕೊಮ್ಮೆ ಅಥವಾ ಕ್ಲೇಮ್ ಇಲ್ಲದ ವರ್ಷಗಳ ನಂತರ ಉಚಿತ ತಪಾಸಣೆಯ ಸೌಲಭ್ಯ ಇದೆ. ಅದು ಸಾಮಾನ್ಯವಾಗಿ ರಕ್ತ, ಮೂತ್ರ, ಇಸಿಜಿಯಂತಹ ಪರೀಕ್ಷೆಗಳಿಗೆ ಮಾತ್ರ. ಹಾಗಿದ್ದರೂ ಅದನ್ನು ಬಳಸದೆ ಬಿಡುವ ಮನೆಗಳೇ ಹೆಚ್ಚು. ಹಣ ಕಟ್ಟಿದ್ದೇ ಆದ ಮೇಲೆ ಅಷ್ಟನ್ನಾದರೂ ಬಳಸಿಕೊಳ್ಳಬೇಕು.

ಒಂದು ಮನೆಯ ಲೆಕ್ಕ

ಪುತ್ತೂರು ಪೇಟೆಯಲ್ಲಿ ಅಂಗಡಿ ಇಟ್ಟಿರುವ 48 ವರ್ಷದ ಒಬ್ಬರು ಎಂದಿಟ್ಟುಕೊಳ್ಳೋಣ. ಹೆಂಡತಿ, ಇಬ್ಬರು ಮಕ್ಕಳು. ಅಪ್ಪ, ಅಮ್ಮ ಇಬ್ಬರೂ 60 ದಾಟಿದವರು, ಕಡಬದ ಕಡೆ ತೋಟದ ಮನೆಯಲ್ಲಿದ್ದಾರೆ. ಅಣ್ಣನಿಗೆ 52ನೇ ವಯಸ್ಸಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಎಂದು ಗೊತ್ತಾಗಿ, ತಡವಾದ್ದರಿಂದ ಅವರು ಉಳಿಯಲಿಲ್ಲ. ಹೆತ್ತವರಲ್ಲಿ ಅಥವಾ ಒಡಹುಟ್ಟಿದವರಲ್ಲಿ ಈ ಕಾಯಿಲೆ ಬಂದಿದ್ದರೆ ಉಳಿದವರು 40ನೇ ವಯಸ್ಸಿಗೆ, ಅಥವಾ ರೋಗ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲು, ಇವೆರಡರಲ್ಲಿ ಯಾವುದು ಮೊದಲೋ ಆಗ ಕೊಲೊನೋಸ್ಕೋಪಿ ಮಾಡಿಸಿಕೊಳ್ಳಬೇಕು ಎಂಬುದು ವೈದ್ಯರು ಅನುಸರಿಸುವ ಸಾಮಾನ್ಯ ನಿಯಮ. ಈ ಲೆಕ್ಕದಲ್ಲಿ ತಮ್ಮನಿಗೆ 40ಕ್ಕೇ ಆಗಬೇಕಿತ್ತು. ಈಗಾಗಲೇ ಎಂಟು ವರ್ಷ ತಡ.

ಖರ್ಚು ಎಷ್ಟು? ಕೆಳಗಿನ ಅಂಕಿಗಳು ಯಾವ ಆಸ್ಪತ್ರೆಯ ದರವೂ ಅಲ್ಲ, ಲೆಕ್ಕ ಹಾಕುವ ಕ್ರಮ ತಿಳಿಯಲೆಂದು ಇಟ್ಟುಕೊಂಡವು.

ಮೊದಲ ಸಲ ವೈದ್ಯರ ಭೇಟಿ: 600
ಮುಂಚಿನ ರಕ್ತಪರೀಕ್ಷೆಗಳು: 1,500
ಹೊಟ್ಟೆ ಖಾಲಿ ಮಾಡುವ ಔಷಧ: 500
ಕೊಲೊನೋಸ್ಕೋಪಿ: 7,000
ಮಂಪರಿನ ಇಂಜೆಕ್ಷನ್ ಮತ್ತು ಅರಿವಳಿಕೆ ವೈದ್ಯರು: 2,500
ಬಯಾಪ್ಸಿ ಬೇಕಾದರೆ: 2,500
ಮಂಗಳೂರಿಗೆ ಹೋಗಿ ಬರುವ ಬಾಡಿಗೆ ಕಾರು: 2,500
ಜೊತೆಗೆ ಬಂದವರ ಊಟ, ತಿಂಡಿ: 400
ವರದಿ ತೋರಿಸಲು ಎರಡನೇ ಭೇಟಿ: 600
ಒಟ್ಟು: 18,100

ಬಯಾಪ್ಸಿ ಬೇಡವಾದರೆ 15,600. ಹೆಚ್ಚಿನವರು ಆಸ್ಪತ್ರೆಗೆ ಫೋನ್ ಮಾಡಿ ‘ಕೊಲೊನೋಸ್ಕೋಪಿಗೆ ಎಷ್ಟು’ ಎಂದು ಮಾತ್ರ ಕೇಳುತ್ತಾರೆ. ಸಿಗುವ ಉತ್ತರ ಮೇಲಿನ ಪಟ್ಟಿಯ ಒಂದು ಸಾಲು, 7,000. ಕೊನೆಗೆ ಆಗುವುದು ಅದರ ಎರಡೂವರೆ ಪಟ್ಟು. ಹಾಗೆಂದು ಆಸ್ಪತ್ರೆಯವರು ಸುಳ್ಳು ಹೇಳಿದರು ಎಂದಲ್ಲ, ಕೇಳಿದ ಪ್ರಶ್ನೆ ಅಷ್ಟೇ ಆಗಿತ್ತು. ‘ಮಂಪರು ಸೇರಿದೆಯೇ, ಬಯಾಪ್ಸಿ ತೆಗೆದರೆ ಬೇರೆಯೇ, ಗಡ್ಡೆ ಕಂಡು ಅಲ್ಲೇ ತೆಗೆದರೆ ಎಷ್ಟು’ ಎಂದು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ದರಪಟ್ಟಿಯನ್ನು ಜನರಿಗೆ ಕಾಣುವಂತೆ ಪ್ರದರ್ಶಿಸುವುದು ಆಸ್ಪತ್ರೆಗಳ ಕರ್ತವ್ಯ. ಕೇಳಲು ಸಂಕೋಚ ಬೇಡ.

ಮಂಪರು ಕೊಟ್ಟ ದಿನ ವಾಹನ ಓಡಿಸುವಂತಿಲ್ಲ, ಒಬ್ಬರು ಜೊತೆಗೆ ಬರಲೇಬೇಕು. ಪುತ್ತೂರಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ದಾರಿ. ಸುಳ್ಯ ಅಥವಾ ಸುಬ್ರಹ್ಮಣ್ಯದ ಕಡೆಯವರಿಗೆ ಇನ್ನೂ ದೂರ. ಅಂಗಡಿ ಒಂದು ದಿನ ಮುಚ್ಚಬೇಕು, ಅಡಿಕೆ ಕೊಯ್ಲಿನ ಸಮಯವಾದರೆ ಆಳುಗಳ ದಿನ ತಪ್ಪುತ್ತದೆ. ಈ ನಷ್ಟವನ್ನು ಯಾವ ವಿಮೆಯೂ ತುಂಬುವುದಿಲ್ಲ. ಸುಳ್ಯದಲ್ಲಿ ಕೆ.ವಿ.ಜಿ. ವೈದ್ಯಕೀಯ ಕಾಲೇಜು ಇರುವುದರಿಂದ ಆ ಭಾಗದವರು ಮೊದಲು ಅಲ್ಲಿ ವಿಚಾರಿಸಿ ಆಮೇಲೆ ಮಂಗಳೂರಿನ ಮಾತು ಆಡಬಹುದು. ಪುತ್ತೂರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಕೊಡುವುದಾಗಿ 2025-26ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾಗಿದೆ. ಅದು ಎದ್ದು ನಿಂತ ಮೇಲೆ ಈ ಲೆಕ್ಕ ಬದಲಾದೀತು. ಅಲ್ಲಿಯವರೆಗೆ ದಾರಿ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

ಈಗ ಇದೇ ಮನೆಯ ಪ್ರೀಮಿಯಂ ನೋಡೋಣ. ಗಂಡ, ಹೆಂಡತಿ, ಮಕ್ಕಳ ಪಾಲಿಸಿಗೆ 22,000, ಅಪ್ಪ ಅಮ್ಮನ ಪಾಲಿಸಿಗೆ 48,000 ಎಂದಿಟ್ಟುಕೊಂಡರೆ ಒಟ್ಟು 70,000. ಇದರ ಮೇಲೆ ಶೇ. 18 ಎಂದರೆ 12,600. ಮೊದಲು ಸರ್ಕಾರಕ್ಕೆ ಹೋಗುತ್ತಿದ್ದ ಈ ಮೊತ್ತ ಈಗ ಮನೆಯಲ್ಲೇ ಉಳಿಯುತ್ತದೆ. ಅದನ್ನು ಬೇರೆ ಖರ್ಚಿಗೆ ಬಿಡದೆ ‘ತಪಾಸಣೆ’ ಎಂಬ ಹೆಸರಿನಲ್ಲಿ ಬೇರೆ ಇಟ್ಟರೆ, ಮೇಲಿನ 15,600ಕ್ಕೆ ಕೈಯಿಂದ ಸೇರಿಸಬೇಕಾದದ್ದು ಕೇವಲ 3,000. ಬಯಾಪ್ಸಿ ಆದರೆ 5,500. ವರ್ಷಕ್ಕೆ ಎಲ್ಲರಿಗೂ ದೊಡ್ಡ ತಪಾಸಣೆ ಬೇಕಾಗುವುದಿಲ್ಲ. ಒಂದು ವರ್ಷ ಒಬ್ಬರಿಗೆ, ಇನ್ನೊಂದು ವರ್ಷ ಮತ್ತೊಬ್ಬರಿಗೆ ಎಂದು ಸರದಿ ಹಾಕಿಕೊಂಡರೆ ಸಾಲ ಮಾಡದೆ ನಡೆಯುತ್ತದೆ. ಯಾವ ತಪಾಸಣೆ ಯಾರಿಗೆ ಎಂಬುದನ್ನು ಮಾತ್ರ ವೈದ್ಯರೇ ಹೇಳಬೇಕು. ಜಾಹೀರಾತಿನ ಪ್ಯಾಕೇಜ್ ನೋಡಿ ಎಲ್ಲವನ್ನೂ ಮಾಡಿಸುವುದು ಹಣವನ್ನು ನೀರಿಗೆ ಹಾಕಿದ ಹಾಗೆ.

ನೋಡಲು ಹೋದದ್ದು ಚಿಕಿತ್ಸೆಯಾದರೆ

ಕೊಲೊನೋಸ್ಕೋಪಿ ಮಾಡುವಾಗ ಸಣ್ಣ ಗಡ್ಡೆ, ಅಂದರೆ ಪಾಲಿಪ್ ಕಂಡರೆ ವೈದ್ಯರು ಸಾಮಾನ್ಯವಾಗಿ ಅದೇ ಹೊತ್ತಿನಲ್ಲಿ ತೆಗೆದುಬಿಡುತ್ತಾರೆ. ಅಲ್ಲಿಗೆ ಅದು ಬರೀ ಪರೀಕ್ಷೆಯಾಗಿ ಉಳಿಯುವುದಿಲ್ಲ, ಚಿಕಿತ್ಸೆಯೂ ಆಗುತ್ತದೆ. 24 ಗಂಟೆ ದಾಖಲಾಗದಿದ್ದರೂ ವಿಮೆ ಒಪ್ಪುವ ‘ಡೇ ಕೇರ್’ ಚಿಕಿತ್ಸೆಗಳ ವಿಭಾಗ ಪಾಲಿಸಿಗಳಲ್ಲಿ ಇದೆ. ಆ ಗಡ್ಡೆ ತೆಗೆದ ಖರ್ಚು ಇದರಡಿ ಬರಬಹುದು. ಆದರೆ ಬಿಲ್ಲಿನಲ್ಲಿ ಬರೀ ‘ಕೊಲೊನೋಸ್ಕೋಪಿ’ ಎಂದು ಬರೆದಿದ್ದರೆ ಕಂಪನಿ 04ನೇ ಸಾಲು ತೋರಿಸಿ ತಳ್ಳಿಹಾಕುವ ಸಾಧ್ಯತೆ ಹೆಚ್ಚು. ಏನು ಮಾಡಲಾಯಿತು, ಏಕೆ ಮಾಡಲಾಯಿತು ಎಂದು ಡಿಸ್ಚಾರ್ಜ್ ಸಮ್ಮರಿಯಲ್ಲಿ ಸ್ಪಷ್ಟವಾಗಿರಬೇಕು. ಇದ್ದದ್ದನ್ನು ಇದ್ದ ಹಾಗೆ ಬರೆಯಿಸಿಕೊಳ್ಳಿ. ಇಲ್ಲದ ರೋಗವನ್ನು ಬರೆಸಿ ದಾಖಲಾತಿ ತೋರಿಸುವ ದಾರಿಯನ್ನು ಯಾರಾದರೂ ಸೂಚಿಸಿದರೆ ಒಪ್ಪಬಾರದು. ಅದು ಅಸತ್ಯ ಮಾತ್ರವಲ್ಲ, ಮೋಸ ಎಂದು ಸಾಬೀತಾದರೆ ಇಡೀ ಪಾಲಿಸಿಯೇ ರದ್ದಾಗುತ್ತದೆ.

ಇನ್ನೊಂದು ಉಪಯೋಗದ ಮಾತು. ದಾಖಲಾಗುವ ಮೊದಲಿನ 30 ದಿನ ಮತ್ತು ಬಿಡುಗಡೆಯ ನಂತರದ 60 ದಿನಗಳಲ್ಲಿ ಅದೇ ಕಾಯಿಲೆಗೆ ಆದ ಪರೀಕ್ಷೆ, ಔಷಧದ ಖರ್ಚನ್ನು ಅನೇಕ ಪಾಲಿಸಿಗಳು ಕೊಡುತ್ತವೆ. ಎಲ್ಲ ಕಂಪನಿಗಳೂ ಮಾರಬೇಕಾದ ‘ಆರೋಗ್ಯ ಸಂಜೀವಿನಿ’ ಪಾಲಿಸಿಯಲ್ಲೂ ಇದೇ ಲೆಕ್ಕ. ಇಂದು ಸ್ವಂತ ಹಣದಲ್ಲಿ ಮಾಡಿಸಿದ ಸ್ಕೋಪಿಯಲ್ಲಿ ರೋಗ ಕಂಡು, 20 ದಿನದೊಳಗೆ ಶಸ್ತ್ರಚಿಕಿತ್ಸೆಗೆ ದಾಖಲಾದರೆ, ಆ ಸ್ಕೋಪಿಯ ಬಿಲ್ಲನ್ನೂ ಕ್ಲೇಮಿಗೆ ಸೇರಿಸಬಹುದು. ಬಿಲ್ಲು, ವೈದ್ಯರ ಚೀಟಿ, ವರದಿ ಮೂರನ್ನೂ ಜೋಪಾನವಾಗಿ ಇಟ್ಟಿದ್ದರೆ ಮಾತ್ರ. ಪಾಲಿಸಿಯ ಅವಧಿ ನೋಡಿಕೊಂಡು, ಶಸ್ತ್ರಚಿಕಿತ್ಸೆಯ ದಿನ ನಿಗದಿ ಮಾಡುವಾಗ ಈ 30 ದಿನವನ್ನು ನೆನಪಿಡಬೇಕು.

ಚಿಕಿತ್ಸೆಯ ಹಂತಕ್ಕೆ ಬಂದರೂ ಪೂರ್ತಿ ಮೊತ್ತ ಸಿಗುತ್ತದೆ ಎಂದು ತಿಳಿಯಬಾರದು. ಆರೋಗ್ಯ ಸಂಜೀವಿನಿಯಲ್ಲಿ ಕೋಣೆ ಬಾಡಿಗೆ ವಿಮಾ ಮೊತ್ತದ ಶೇ. 2, ದಿನಕ್ಕೆ ಹೆಚ್ಚೆಂದರೆ 5,000. ಪ್ರತಿ ಕ್ಲೇಮಿನಲ್ಲಿ ಶೇ. 5 ನಮ್ಮ ಪಾಲು. ಅಂದರೆ ಒಪ್ಪಿದ ಬಿಲ್ಲು ಒಂದು ಲಕ್ಷವಾದರೆ 5,000 ಮನೆಯಿಂದ. ಎರಡು ಲಕ್ಷದ ಪಾಲಿಸಿ ಇದ್ದವರು ದಿನಕ್ಕೆ 4,000ಕ್ಕಿಂತ ಹೆಚ್ಚಿನ ಕೋಣೆ ಹಿಡಿದರೆ ಬಾಡಿಗೆಯ ವ್ಯತ್ಯಾಸ ಮಾತ್ರವಲ್ಲ, ಉಳಿದ ಬಿಲ್ಲಿನಲ್ಲೂ ಅದೇ ಪ್ರಮಾಣದಲ್ಲಿ ಕಡಿತವಾಗಬಹುದು. ‘ಒಳ್ಳೆ ರೂಮೇ ಇರಲಿ’ ಎನ್ನುವ ಮೊದಲು ಇದನ್ನು ನೋಡಿ.

2024ರ ಮೇ ತಿಂಗಳ ಐಆರ್‌ಡಿಎಐ ಸುತ್ತೋಲೆಯಂತೆ ಕ್ಯಾಶ್‌ಲೆಸ್ ಕೋರಿಕೆಗೆ ಕಂಪನಿ ಒಂದು ಗಂಟೆಯೊಳಗೆ ಉತ್ತರಿಸಬೇಕು. ಬಿಡುಗಡೆಯ ಒಪ್ಪಿಗೆ ಮೂರು ಗಂಟೆಯೊಳಗೆ ಬರಬೇಕು. ಕ್ಲೇಮ್ ತಿರಸ್ಕರಿಸಿದರೆ ಯಾವ ಷರತ್ತಿನಡಿ ಎಂದು ಬರಹದಲ್ಲಿ ಕೇಳಿ. ಮೊದಲು ಕಂಪನಿಗೇ ದೂರು, ಒಂದು ತಿಂಗಳಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. ಐಆರ್‌ಡಿಎಐ ಸಹಾಯವಾಣಿ 155255.

ಸರ್ಕಾರದ ದಾರಿ

ಹಣ ಖರ್ಚು ಮಾಡುವ ಮೊದಲು ಉಚಿತವಾಗಿ ಸಿಗುವುದನ್ನು ಪಡೆಯುವುದು ವ್ಯಾಪಾರಿ ಬುದ್ಧಿ. 30 ವರ್ಷ ದಾಟಿದ ಎಲ್ಲರಿಗೂ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆ ರಾಷ್ಟ್ರೀಯ ಕಾರ್ಯಕ್ರಮದ ಭಾಗ. ಪ್ರಾಥಮಿಕ ಆರೋಗ್ಯ ಕೇಂದ್ರ, ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಇದಕ್ಕೆ ಹಣ ಇಲ್ಲ. 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಶುರುವಾದ ರಾಜ್ಯದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆಗೇ ಬಂದು ಪರೀಕ್ಷಿಸುತ್ತಾರೆ. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದಾಗ ‘ನಮಗೇನೂ ಇಲ್ಲ’ ಎಂದು ಕಳುಹಿಸುವ ಅಭ್ಯಾಸ ಬಿಡಬೇಕು. ದೊಡ್ಡ ಕರುಳಿನ ತಪಾಸಣೆ ಈ ಪಟ್ಟಿಯಲ್ಲಿ ಇಲ್ಲ. ಅದಕ್ಕಾಗಿಯೇ ಮೇಲಿನಂತೆ ಬೇರೆ ಲೆಕ್ಕ ಬೇಕಾಗುವುದು.

ಬಾಯಿಯ ತಪಾಸಣೆಯ ಬಗ್ಗೆ ಈ ಮೂರು ತಾಲೂಕುಗಳಲ್ಲಿ ಸ್ವಲ್ಪ ಬಿಚ್ಚಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಬೆಳೆಗಾರರ ಸಂಘಟನೆಗಳು ಇದನ್ನು ಒಪ್ಪಿಲ್ಲ, ವಾದ ಇಂದಿಗೂ ನಡೆದಿದೆ. ಅಡಿಕೆಯಿಂದಲೇ ಬದುಕುವ ಮನೆಗಳಿಗೆ ಈ ಮಾತು ಕಹಿ. ಆದರೆ ಎಲೆ ಅಡಿಕೆ ಹಾಕುವ ಅಭ್ಯಾಸ ಇರುವ ಹಿರಿಯರ ಬಾಯಿಯನ್ನು ಟಾರ್ಚ್ ಹಿಡಿದು ನೋಡಲು ಐದು ನಿಮಿಷ ಸಾಕು, ಖರ್ಚೂ ಇಲ್ಲ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರದಲ್ಲಿ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲು ಆಗದಿರುವುದು ಇವುಗಳಲ್ಲಿ ಒಂದು ಕಂಡರೂ ತಡ ಮಾಡಬಾರದು. ಕೊಳೆರೋಗ ಬಂದು ಅಡಿಕೆ ಉದುರಿದ ಮೇಲೆ ಮದ್ದು ಬಿಡುವವರು ಯಾರೂ ಇಲ್ಲ. ಮಳೆ ಹಿಡಿಯುವ ಮೊದಲೇ ಬೋರ್ಡೋ ದ್ರಾವಣ ಬಿಡುತ್ತಾರೆ. ದೇಹದ ಲೆಕ್ಕವೂ ಅಷ್ಟೇ.

ತಪಾಸಣೆಯಲ್ಲಿ ಏನಾದರೂ ಕಂಡರೆ ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30 ಮಾತ್ರ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಸಮಾಜದ ವ್ಯಾಪಾರಿ ಕುಟುಂಬಗಳಲ್ಲಿ ಅನೇಕರು ಎಪಿಎಲ್. ಒಂದು ಲಕ್ಷದ ಪ್ಯಾಕೇಜಿನಲ್ಲಿ ಸರ್ಕಾರ 30,000 ಕೊಟ್ಟರೆ 70,000 ಮನೆಯಿಂದ ಹೋಗಬೇಕು. ‘ಕಾರ್ಡ್ ಇದೆ’ ಎಂಬ ಧೈರ್ಯದಲ್ಲಿ ಸ್ವಂತ ವಿಮೆ ನಿಲ್ಲಿಸಿದವರು ಈ ವ್ಯತ್ಯಾಸ ಗಮನಿಸಬೇಕು. ತುರ್ತು ಸಂದರ್ಭ ಬಿಟ್ಟು ಉಳಿದ ದೊಡ್ಡ ಚಿಕಿತ್ಸೆಗಳಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಕಡಬದ ಸಮುದಾಯ ಆರೋಗ್ಯ ಕೇಂದ್ರ, ಪುತ್ತೂರು ಮತ್ತು ಸುಳ್ಯದ ತಾಲೂಕು ಆಸ್ಪತ್ರೆ, ಮಂಗಳೂರಿನ ವೆನ್ಲಾಕ್ ಜಿಲ್ಲಾ ಆಸ್ಪತ್ರೆ ಎಂಬ ಮೆಟ್ಟಿಲುಗಳನ್ನು ಬಿಟ್ಟು ನೇರ ಖಾಸಗಿ ಆಸ್ಪತ್ರೆಗೆ ಹೋಗಿ ಕಾರ್ಡ್ ತೋರಿಸಿದರೆ ಕೆಲಸವಾಗದು. ಹೊರರೋಗಿ ವಿಭಾಗದ ಪರೀಕ್ಷೆ, ಬರೀ ತಪಾಸಣೆ ಈ ಯೋಜನೆಯಲ್ಲೂ ಇಲ್ಲ.

70 ದಾಟಿದವರಿಗೆ ಆದಾಯ ನೋಡದೆ 5 ಲಕ್ಷದ ರಕ್ಷಣೆ ಕೊಡುವ ‘ವಯ ವಂದನ’ ಕಾರ್ಡನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಜಾರಿಗೆ ತಂದಿತು. ಈ ಕಾರ್ಡ್ ನಂಬಿ ಅಪ್ಪ ಅಮ್ಮನ ಪಾಲಿಸಿ ಬಿಡುವ ಮೊದಲು, ಹೋಗಬೇಕೆಂದಿರುವ ಆಸ್ಪತ್ರೆಯ ‘ಆರೋಗ್ಯ ಮಿತ್ರ’ರಲ್ಲಿ ಅದು ಅಲ್ಲಿ ನಡೆಯುತ್ತದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು. 60 ದಾಟಿದವರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿಗಳು ಮೊದಲೇ ತನ್ನೊಡನೆ ಸಮಾಲೋಚಿಸಬೇಕು ಎಂದು ಐಆರ್‌ಡಿಎಐ 2025ರ ಜನವರಿಯಲ್ಲಿ ಹೇಳಿದೆ. ಹಿರಿಯರ ಪಾಲಿಸಿ ಉಳಿಸಿಕೊಳ್ಳಲು ಇದೊಂದು ಆಧಾರ.

ಸಹಕಾರ ಸಂಘದ ಸದಸ್ಯರಿಗೆ ‘ಯಶಸ್ವಿನಿ’ ಇದೆ. 2022ರಲ್ಲಿ ಮರುಜಾರಿಯಾದಾಗ ಗ್ರಾಮೀಣ ಭಾಗದಲ್ಲಿ ನಾಲ್ವರ ಕುಟುಂಬಕ್ಕೆ 500 ರೂಪಾಯಿ, ಹೆಚ್ಚುವರಿ ಸದಸ್ಯರಿಗೆ ತಲಾ 100 ಎಂದು ನಿಗದಿಯಾಯಿತು. ಮೇಲಿನ ಉದಾಹರಣೆಯ ಆರು ಜನರ ಮನೆಗೆ 700. ವರ್ಷಕ್ಕೆ 5 ಲಕ್ಷದವರೆಗೆ ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಅನ್ವಯ. ನೋಂದಣಿಗೆ ಕಾಲಮಿತಿ ಇರುವುದರಿಂದ ಊರಿನ ಸೊಸೈಟಿಯಲ್ಲಿ ಆಗಾಗ ವಿಚಾರಿಸುತ್ತಿರಬೇಕು. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ‘ಸಂಪೂರ್ಣ ಸುರಕ್ಷಾ’ 2004ರಿಂದ ಸ್ವಸಹಾಯ ಸಂಘಗಳ ಕುಟುಂಬಗಳಿಗೆ ಆಸರೆಯಾಗಿದೆ. ಸಂಪಾಜೆ, ಅರಂತೋಡು, ಮರ್ಕಂಜದ ಕಡೆ ಹಳದಿ ಎಲೆ ರೋಗದಿಂದ ತೋಟವೇ ಹೋದ ಮನೆಗಳಿಗೆ ದೊಡ್ಡ ಪ್ರೀಮಿಯಂ ಕಟ್ಟುವ ಶಕ್ತಿ ಇಲ್ಲ. ಅವರು ಈ ಎರಡರಲ್ಲಿ ಒಂದನ್ನಾದರೂ ಬಿಡಬಾರದು.

ಕಂಡುಹಿಡಿದರೆ ವಿಮೆ ಸಿಗದು ಎಂಬ ಹೆದರಿಕೆ

‘ತಪಾಸಣೆ ಮಾಡಿಸಿ ಏನಾದರೂ ಕಂಡರೆ ಆಮೇಲೆ ವಿಮೆ ಕೊಡುವುದಿಲ್ಲ’ ಎಂದು ಸುಮ್ಮನಿರುವವರು ಕಡಿಮೆ ಏನಲ್ಲ. ಈ ಹೆದರಿಕೆಯಲ್ಲಿ ಅರ್ಧ ಸತ್ಯ ಇದೆ. ಪಾಲಿಸಿ ಇಲ್ಲದವರಿಗೆ ರೋಗ ಪತ್ತೆಯಾದ ಮೇಲೆ ಹೊಸ ಪಾಲಿಸಿ ಸಿಗುವುದು ಕಷ್ಟ, ಸಿಕ್ಕಿದರೂ ಕಾಯುವ ಅವಧಿ ಇದ್ದೇ ಇದೆ. ಆದರೆ ಈಗಾಗಲೇ ಪಾಲಿಸಿ ಇದ್ದವರಿಗೆ, ರೋಗ ಬಂತು ಅಥವಾ ಕ್ಲೇಮ್ ಮಾಡಿದರು ಎಂಬ ಕಾರಣಕ್ಕೆ ನವೀಕರಣ ನಿರಾಕರಿಸುವಂತಿಲ್ಲ. ಆದ್ದರಿಂದ ಆರೋಗ್ಯ ಚೆನ್ನಾಗಿರುವಾಗಲೇ, ಚಿಕ್ಕ ವಯಸ್ಸಿನಲ್ಲೇ ಪಾಲಿಸಿ ಮಾಡಿ, ಒಂದು ವರ್ಷವೂ ತಪ್ಪಿಸದೆ ನವೀಕರಿಸಿ, ವಯಸ್ಸಿಗೆ ತಕ್ಕ ತಪಾಸಣೆಯನ್ನು ಧೈರ್ಯವಾಗಿ ಮಾಡಿಸುವುದು ಸರಿಯಾದ ಕ್ರಮ.

2024ರ ಏಪ್ರಿಲ್‌ನಿಂದ ನಿಯಮಗಳು ಗ್ರಾಹಕರಿಗೆ ಸ್ವಲ್ಪ ಅನುಕೂಲವಾಗಿವೆ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿಯ ಗರಿಷ್ಠ ಮಿತಿ 48 ತಿಂಗಳಿನಿಂದ 36ಕ್ಕೆ ಇಳಿದಿದೆ. ಸತತ 60 ತಿಂಗಳು ಪಾಲಿಸಿ ನಡೆದ ಮೇಲೆ, ಮೋಸ ಸಾಬೀತಾದ ಹೊರತು, ‘ಮೊದಲೇ ತಿಳಿಸಲಿಲ್ಲ’ ಎಂದು ಕ್ಲೇಮ್ ತಳ್ಳುವಂತಿಲ್ಲ. ಮೊದಲು ಇದು 96 ತಿಂಗಳಿತ್ತು. 65 ದಾಟಿದವರಿಗೂ ಹೊಸ ಪಾಲಿಸಿಯ ಬಾಗಿಲು ತೆರೆದಿದೆ. ಹಾಗೆಂದು ಗೊತ್ತಿರುವ ಸಕ್ಕರೆ ಕಾಯಿಲೆ, ಹಳೆಯ ಸ್ಟೆಂಟ್ ಮುಚ್ಚಿಟ್ಟು ಅರ್ಜಿ ತುಂಬಬಾರದು. ಏಜೆಂಟರು ‘ಇರಲಿ, ಇಲ್ಲ ಎಂದೇ ಬರೆಯಿರಿ’ ಎಂದರೂ ಸಹಿ ಹಾಕುವವರು ನೀವು. ಕಷ್ಟದ ದಿನ ಕಂಪನಿ ಆ ಸಹಿಯನ್ನೇ ತೋರಿಸುತ್ತದೆ. ಪಾಲಿಸಿ ಕೈಗೆ ಬಂದ ಮೇಲೆ 30 ದಿನ ಓದಿ ನೋಡಿ ಬೇಡವೆಂದರೆ ಹಿಂದಿರುಗಿಸುವ ಹಕ್ಕೂ ಇದೆ.

ಮಕ್ಕಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು, ಅವರ ಕಂಪನಿಯ ಗುಂಪು ವಿಮೆಯಲ್ಲಿ ಊರಿನ ಅಪ್ಪ ಅಮ್ಮ ಸೇರಿರುವುದು ಈಗ ಸಾಮಾನ್ಯ. ಕೆಲಸ ಬಿಟ್ಟ ದಿನವೇ ಆ ರಕ್ಷಣೆ ಮುಗಿಯುತ್ತದೆ. ಅದರ ಜೊತೆಗೆ ಚಿಕ್ಕದಾದರೂ ಒಂದು ಸ್ವಂತ ಪಾಲಿಸಿ ಇರಲಿ.

ಆದಾಯ ತೆರಿಗೆಯಲ್ಲಿ

80ಡಿ ಎಂದು ಎಲ್ಲರಿಗೂ ಪರಿಚಿತವಾದ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಸ್ವಂತ ಕುಟುಂಬಕ್ಕೆ 25,000, ಹಿರಿಯ ನಾಗರಿಕರಾದ ಹೆತ್ತವರಿಗೆ 50,000 ಮಿತಿ. ಮುಂಜಾಗ್ರತಾ ತಪಾಸಣೆಗೆ 5,000 ಸಿಗುತ್ತದೆ, ಆದರೆ ಅದು ಈ ಮಿತಿಯ ಒಳಗೇ ಹೊರತು ಮೇಲಿನದಲ್ಲ. ಉದಾಹರಣೆಯ ಮನೆಯಲ್ಲಿ 22,000 ಪ್ರೀಮಿಯಂ ಹೋದ ಮೇಲೆ ಉಳಿದದ್ದು 3,000, ಹೆತ್ತವರ ಕಡೆ 48,000 ಹೋದ ಮೇಲೆ 2,000. ಎರಡೂ ಕಡೆ ತಪಾಸಣೆಯ ಬಿಲ್ಲು ಇದ್ದರೆ ಸರಿಯಾಗಿ 5,000 ತುಂಬುತ್ತದೆ. ಪ್ರೀಮಿಯಂ ನಗದಾಗಿ ಕಟ್ಟಿದರೆ ವಿನಾಯಿತಿ ಇಲ್ಲ, ತಪಾಸಣೆಯದ್ದು ನಗದಾದರೂ ಸರಿ. ಪಾಲಿಸಿಯೇ ಇಲ್ಲದ ಹಿರಿಯರ ವೈದ್ಯಕೀಯ ಖರ್ಚಿಗೂ 50,000ದವರೆಗೆ ವಿನಾಯಿತಿ ಉಂಟು. ಹೊಸ ಪದ್ಧತಿಯಲ್ಲಿರುವವರಿಗೆ ಇದಾವುದೂ ಇಲ್ಲ. ವ್ಯಾಪಾರದ ಆದಾಯ ಇರುವವರು ವರ್ಷ ವರ್ಷ ಪದ್ಧತಿ ಬದಲಿಸುವಂತೆಯೂ ಇಲ್ಲ, ಲೆಕ್ಕಪರಿಶೋಧಕರನ್ನು ಕೇಳಿಯೇ ಮುಂದುವರಿಯಬೇಕು.

ವ್ರತ, ನಿಯಮ ಮತ್ತು ತಪಾಸಣೆಯ ದಿನ

ಕೊಲೊನೋಸ್ಕೋಪಿಯ ಹಿಂದಿನ ಸಂಜೆ ಔಷಧ ಬೆರೆಸಿದ ನೀರು ಹಲವು ಲೋಟ ಕುಡಿಯಬೇಕು ಎಂದು ಚೀಟಿಯಲ್ಲಿ ಬರೆದಿರುತ್ತಾರೆ. ಸೂರ್ಯಾಸ್ತದ ನಂತರ ಆಹಾರ ನೀರು ಬಿಟ್ಟವರು ಈ ಒಂದೇ ಕಾರಣಕ್ಕೆ ತಪಾಸಣೆ ಮುಂದೂಡುವುದುಂಟು. ಇದಕ್ಕೆ ದಾರಿ ಇದೆ. ಮಧ್ಯಾಹ್ನದ ಹೊತ್ತಿಗೆ ಸಮಯ ಪಡೆದರೆ, ಔಷಧವನ್ನು ಅದೇ ದಿನ ಬೆಳಗ್ಗೆ ತೆಗೆದುಕೊಳ್ಳುವ ಕ್ರಮಕ್ಕೆ ವೈದ್ಯರು ಒಪ್ಪಬಹುದು. ದಿನ ಗೊತ್ತು ಮಾಡುವಾಗಲೇ ನಿಯಮವನ್ನು ತಿಳಿಸಬೇಕು. ಮೊದಲ ದಿನ ಸೋಸಿದ ಗಂಜಿ ತಿಳಿ, ಎಳನೀರು ಸಾಮಾನ್ಯವಾಗಿ ನಡೆಯುತ್ತದೆ. ಉಪವಾಸ ಹೇಗೂ ಇದೆ ಎಂದು ದಶಲಕ್ಷಣ ಪರ್ವದ ನಿರ್ಜಲ ಉಪವಾಸದೊಂದಿಗೆ ಇದನ್ನು ಜೋಡಿಸಲೇಬಾರದು. ಈ ಔಷಧ ದೇಹದ ನೀರನ್ನು ಹೊರಹಾಕುತ್ತದೆ, ನೀರು ಕುಡಿಯದಿದ್ದರೆ ಅಪಾಯ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ರಕ್ತ ತೆಳುವಾಗಿಸುವ ಮಾತ್ರೆ ಇದ್ದವರು ಅದನ್ನೂ ಮೊದಲೇ ಹೇಳಬೇಕು.

ಸಮಾಜ ಮಾಡಬಹುದಾದದ್ದು

ಸಂಘಗಳು ಸದಸ್ಯರಿಗೆಲ್ಲ ಸೇರಿಸಿ ಗುಂಪು ವಿಮೆ ಮಾಡಿಸುವ ಮಾತು ಆಗಾಗ ಬರುತ್ತದೆ. ಜಿಎಸ್‌ಟಿ ರದ್ದಾದದ್ದು ವೈಯಕ್ತಿಕ ಪಾಲಿಸಿಗಳಿಗೆ ಮಾತ್ರ, ಗುಂಪು ಪಾಲಿಸಿಗೆ ಶೇ. 18 ಹಾಗೆಯೇ ಇದೆ. ಮೊದಲಿನಷ್ಟು ಲಾಭ ಈಗ ಅದರಲ್ಲಿ ಉಳಿದಿಲ್ಲ, ತೀರ್ಮಾನಕ್ಕೆ ಮೊದಲು ಎರಡರ ದರವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಅದಕ್ಕಿಂತ ಸುಲಭದ ಕೆಲಸಗಳಿವೆ. ಬಸದಿಯ ವಾರ್ಷಿಕ ಕಾರ್ಯಕ್ರಮಕ್ಕೆ ಎಲ್ಲರೂ ಸೇರುವ ದಿನ ಆರೋಗ್ಯ ಇಲಾಖೆಗೆ ಪತ್ರ ಬರೆದು ಬಾಯಿ, ರಕ್ತದೊತ್ತಡ, ಸಕ್ಕರೆಯ ತಪಾಸಣೆ ಏರ್ಪಡಿಸಬಹುದು. ಪಾಲಿಸಿ ಪುಸ್ತಕ ಓದಿ ಹೇಳಬಲ್ಲ ಒಬ್ಬಿಬ್ಬರು ಯುವಕರು ಆ ದಿನ ಮೇಜು ಹಾಕಿ ಕುಳಿತರೆ ಎಷ್ಟೋ ಮನೆಗಳಿಗೆ ಉಪಕಾರ. ತಪಾಸಣೆಗೆ ಹಣವಿಲ್ಲದ ಮನೆಗೆ ಒಂದು ಸ್ಕೋಪಿಯ ಖರ್ಚು ಗುಟ್ಟಾಗಿ ಕೊಡುವುದೂ ನಾಲ್ಕು ದಾನಗಳಲ್ಲಿ ಒಂದಾದ ಔಷಧ ದಾನವೇ. ರೋಗ ಬಲಿತ ಮೇಲೆ ಲಕ್ಷಗಟ್ಟಲೆ ವಂತಿಗೆ ಎತ್ತುವುದಕ್ಕಿಂತ ಇದು ಹಗುರ, ಪಡೆಯುವವರಿಗೂ ಮುಜುಗರವಿಲ್ಲ.

ಮನೆಯ ಮಟ್ಟಿಗೆ ಮಾಡಬೇಕಾದದ್ದು ಇಷ್ಟು. ಪಾಲಿಸಿ ಪುಸ್ತಕ ತೆಗೆದು ಹೊರಗಿಟ್ಟ ಖರ್ಚುಗಳ ಪುಟ ಒಮ್ಮೆ ಓದಿ. ಮನೆಯಲ್ಲಿ ಯಾರಿಗೆ ಯಾವ ವಯಸ್ಸಿನಲ್ಲಿ ಯಾವ ಕಾಯಿಲೆ ಬಂದಿತ್ತು ಎಂದು ಒಂದು ಹಾಳೆಯಲ್ಲಿ ಬರೆದು ವೈದ್ಯರಿಗೆ ತೋರಿಸಿ. ಅವರು ಹೇಳಿದ ತಪಾಸಣೆಗೆ ಪೂರ್ತಿ ದರ ಬರೆಸಿಕೊಳ್ಳಿ. ಈ ಸಲದ ನವೀಕರಣದಲ್ಲಿ ಉಳಿದ ತೆರಿಗೆ ಹಣವನ್ನು ಬೇರೆ ಉಳಿತಾಯ ಖಾತೆಗೆ ಹಾಕಿ. ಕೊಯ್ಲಿನ ಗಡಿಬಿಡಿ, ಮದುವೆಯ ಸೀಸನ್ ಯಾವುದೂ ಇಲ್ಲದ ಒಂದು ದಿನವನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಬಿಡಿ.